ವಿನ್‌ಲ್ಯಾಂಡ್ ಸಾಗಾ: ರಕ್ತ, ಸೇಡು ಮತ್ತು ಗೋಧಿ ಹೊಲದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಈ ಅನಿಮೆ (ಅನಿಮೇಷನ್) ಸರಣಿಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ನೋಡಿದ್ದೇನೆ. ನೋಡಿ ಎಂದು ನಾನು ಹೇಳಿದವರಿಂದಲೂ, ನೋಡಿ ಅರ್ಧಕ್ಕೆ ಬಿಟ್ಟವರಿಂದಲೂ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಡುತ್ತಿದ್ದೇನೆ. ಕಥೆಯ ಮುಖ್ಯ ತಿರುವುಗಳನ್ನು ಇಲ್ಲಿ ಮುಚ್ಚಿಟ್ಟಿಲ್ಲ. ಏನೂ ತಿಳಿಯದೆ ನೋಡಬೇಕೆನ್ನುವವರು ಮೊದಲ ಮೂರು ಪ್ರಶ್ನೆಗಳನ್ನಷ್ಟೇ ಓದಿ ನಿಲ್ಲಿಸಬಹುದು.

ಇದು ಯಾವುದರ ಕಥೆ?

ಸುಮಾರು ಸಾವಿರ ವರ್ಷಗಳ ಹಿಂದಿನ ಉತ್ತರ ಯುರೋಪಿನ ವೈಕಿಂಗರ, ಅಂದರೆ ಕಡಲ ಮೇಲೆ ಬಂದು ಕೊಳ್ಳೆ ಹೊಡೆಯುತ್ತಿದ್ದ ಯೋಧರ ಕಥೆ. ಐಸ್‌ಲ್ಯಾಂಡಿನ ಒಂದು ಚಿಕ್ಕ ಊರಿನ ಹುಡುಗ ಥಾರ್ಫಿನ್. ಅವನ ತಂದೆ ಥಾರ್ಸ್ ಒಂದು ಕಾಲದಲ್ಲಿ ಹೆಸರು ಕೇಳಿದರೆ ನಡುಕ ಹುಟ್ಟಿಸುತ್ತಿದ್ದ ಯೋಧ. ಯುದ್ಧವನ್ನು ಬಿಟ್ಟು ಓಡಿ ಬಂದು, ಹೆಂಡತಿ ಮಕ್ಕಳೊಡನೆ ಶಾಂತವಾಗಿ ಬದುಕುತ್ತಿರುತ್ತಾನೆ. ಹಳೆಯ ದಂಡಿನವರು ಅವನನ್ನು ಹುಡುಕಿ ಬರುತ್ತಾರೆ. ಆಸ್ಕೆಲಾಡ್ ಎಂಬ ಕೊಳ್ಳೆಗಾರ ನಾಯಕ ಹಣ ಪಡೆದು, ಮೋಸದಿಂದ ಥಾರ್ಸ್‌ನನ್ನು ಕೊಲ್ಲಿಸುತ್ತಾನೆ, ಅದೂ ಮಗನ ಕಣ್ಣೆದುರಿಗೆ. ಹುಡುಗ ಆ ಕೊಲೆಗಾರನ ದಂಡನ್ನೇ ಸೇರುತ್ತಾನೆ. ಒಂದು ಕೆಲಸ ಮಾಡಿಕೊಟ್ಟರೆ ಒಂದು ದ್ವಂದ್ವಯುದ್ಧ ಎಂಬ ಕರಾರು. ತಂದೆಯನ್ನು ಕೊಂದವನನ್ನು ಕೊಲ್ಲುವ ಹಕ್ಕನ್ನು ಗಳಿಸುವುದಕ್ಕಾಗಿ ಅವನು ಬೇರೆಯವರ ತಂದೆಯರನ್ನು ಕೊಲ್ಲುತ್ತಾ ಬೆಳೆಯುತ್ತಾನೆ. ಮೊದಲ ಸೀಸನ್ನಿನ ತಿರುಳು ಇಷ್ಟು.

ಎಷ್ಟು ಕಂತುಗಳಿವೆ? ಮಾಡಿದವರು ಯಾರು?

ಎರಡು ಸೀಸನ್‌ಗಳು, ತಲಾ 24 ಕಂತು. ಮೊದಲನೆಯದು 2019ರಲ್ಲಿ ವಿಟ್ ಸ್ಟುಡಿಯೋದಿಂದ, ಎರಡನೆಯದು 2023ರಲ್ಲಿ ಮಾಪ್ಪಾ ಸ್ಟುಡಿಯೋದಿಂದ ಬಂತು. ಸ್ಟುಡಿಯೋ ಬದಲಾದರೂ ನಿರ್ದೇಶಕ ಶೂಹೇ ಯಾಬುತಾ ಬದಲಾಗಲಿಲ್ಲ. ಮೂಲ ಕೃತಿ ಮಕೋತೊ ಯುಕಿಮುರಾ ಅವರ ಮಂಗಾ, ಅಂದರೆ ಜಪಾನಿ ಕಾಮಿಕ್ಸ್. ಅದು 2005ರಲ್ಲಿ ಹುಡುಗರ ವಾರಪತ್ರಿಕೆಯೊಂದರಲ್ಲಿ ಶುರುವಾಗಿ, ಅದೇ ವರ್ಷ ದೊಡ್ಡವರು ಓದುವ ಮಾಸಪತ್ರಿಕೆಗೆ ವರ್ಗವಾಯಿತು, 2025ರಲ್ಲಿ ಮುಗಿಯಿತು. ವಾರಕ್ಕೊಂದು ಹೊಡೆದಾಟ ಬೇಡುವ ಜಾಗದಿಂದ ತಿಂಗಳಿಗೊಮ್ಮೆ ಯೋಚಿಸಿ ಬರೆಯುವ ಜಾಗಕ್ಕೆ ಆದ ಈ ಸ್ಥಳಾಂತರ ಕಥೆಗೆ ತುಂಬ ಒಳ್ಳೆಯದು ಮಾಡಿತು ಎಂಬುದು ನನ್ನ ನಂಬಿಕೆ.

ಹಿಂಸೆ ಎಷ್ಟಿದೆ? ಮಕ್ಕಳೊಂದಿಗೆ ನೋಡಬಹುದೇ?

ಬಹಳ ಇದೆ. ತಲೆ ಹಾರುತ್ತದೆ, ಕೈ ತುಂಡಾಗುತ್ತದೆ, ಊರಿಗೆ ಊರೇ ಸಾಯುತ್ತದೆ. ಎರಡನೇ ಸೀಸನ್ನಿನಲ್ಲಿ ರಕ್ತ ಕಡಿಮೆ, ಆದರೆ ಗರ್ಭಿಣಿಯೊಬ್ಬಳನ್ನು ಹೊಡೆಯುವ ದೃಶ್ಯವಿದೆ. ಮೊದಲ ಸೀಸನ್ನಿನ ಯಾವ ಯುದ್ಧಕ್ಕಿಂತಲೂ ಅದನ್ನು ಸಹಿಸುವುದು ಕಷ್ಟ. ಹದಿನಾರು ವರ್ಷಕ್ಕಿಂತ ಚಿಕ್ಕವರಿಗೆ ನಾನು ತೋರಿಸುವುದಿಲ್ಲ. ಕಾರ್ಟೂನ್ ತಾನೇ ಎಂದು ಟಿ.ವಿ. ಹಾಕಿಕೊಟ್ಟು ಅಡುಗೆಮನೆಗೆ ಹೋಗುವಂಥ ಸರಣಿ ಇದಲ್ಲ.

ಇದೆಲ್ಲ ನಿಜವಾಗಿ ನಡೆದದ್ದೇ?

ಕೆಲವು ಹೆಸರುಗಳು ನಿಜ, ಕೆಲವು ಘಟನೆಗಳು ನಿಜ, ಅವುಗಳನ್ನು ಹೊಲಿದ ದಾರ ಮಾತ್ರ ಕಲ್ಪನೆ. ಡೆನ್ಮಾರ್ಕಿನ ದೊರೆ ಸ್ವೇನ್ 1013ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋದದ್ದು ನಿಜ. ಎತ್ತರದ ಥಾರ್ಕೆಲ್ ಎಂದೇ ಹೆಸರಾದ ಯೋಧ ಆಗ ಇಂಗ್ಲಿಷರ ಪರವಾಗಿ ಲಂಡನ್ನಿನಲ್ಲಿ ನಿಂತದ್ದೂ ನಿಜ. ಸ್ವೇನನ ಮಗ ಕನ್ಯೂಟ್ 1016ರಲ್ಲಿ ಇಂಗ್ಲೆಂಡಿಗೆ, ನಂತರ ಡೆನ್ಮಾರ್ಕಿಗೆ, 1028ರಲ್ಲಿ ನಾರ್ವೆಗೂ ದೊರೆಯಾದ. ಥಾರ್ಫಿನ್ ಕಾರ್ಲ್ಸೆಫ್ನಿ ಎಂಬ ವ್ಯಾಪಾರಿ ಅಟ್ಲಾಂಟಿಕ್ ದಾಟಿ ವಿನ್‌ಲ್ಯಾಂಡ್ ಎಂಬ ನಾಡಿನಲ್ಲಿ ನೆಲೆಸಲು ಹೋದದ್ದನ್ನು ಐಸ್‌ಲ್ಯಾಂಡಿನ ಸಾಗಾಗಳು, ಅಂದರೆ ಹಳೆಯ ಗದ್ಯಕಥೆಗಳು, ಹೇಳುತ್ತವೆ. ಆದರೆ ಅವನ ಬಾಲ್ಯದ ಸೇಡಿನ ಕಥೆ ಯುಕಿಮುರಾ ಕಟ್ಟಿದ್ದು. ಆಸ್ಕೆಲಾಡ್ ಪೂರ್ತಿ ಕಲ್ಪನೆಯ ಮನುಷ್ಯ. ಅವನ ಹೆಸರು ನಾರ್ವೆಯ ಜನಪದ ಕಥೆಗಳ ಬೂದಿಗೂಡಿನ ಹುಡುಗನಿಂದ ಬಂದದ್ದು.

ಸ್ವೇನ್ ದೊರೆ 1014ರ ಫೆಬ್ರವರಿಯಲ್ಲಿ ಗೇನ್ಸ್‌ಬರೋ ಎಂಬಲ್ಲಿ ಇದ್ದಕ್ಕಿದ್ದಂತೆ ಸತ್ತ. ಸರಣಿಯಲ್ಲಿ ಅವನು ಸಾಯುವುದು ಯಾರ್ಕಿನಲ್ಲಿ, ತುಂಬಿದ ಸಭೆಯಲ್ಲಿ, ಆಸ್ಕೆಲಾಡನ ಕತ್ತಿಗೆ. ಇತಿಹಾಸ ಓದಿದವರಿಗೆ ಇದು ಚುಚ್ಚಬಹುದು, ನನಗೆ ಚುಚ್ಚಲಿಲ್ಲ. ಚರಿತ್ರೆ ಕಾರಣ ಹೇಳದೆ ಬಿಟ್ಟ ಒಂದು ಸಾವಿಗೆ ಕಥೆಗಾರ ಕಾರಣ ಕೊಟ್ಟಿದ್ದಾನೆ, ಅದು ಅವನ ಹಕ್ಕು. ಉಡುಪು, ಮನೆ, ದೋಣಿಗಳ ವಿವರದಲ್ಲಿ ಮಾತ್ರ ಅವನು ಸಡಿಲ ಬಿಟ್ಟಿಲ್ಲ. ಕೊಂಬಿನ ಶಿರಸ್ತ್ರಾಣ ತೊಟ್ಟ ಒಬ್ಬ ವೈಕಿಂಗನೂ ಇಲ್ಲಿಲ್ಲ, ಏಕೆಂದರೆ ಅಂಥದ್ದನ್ನು ಅವರು ಯುದ್ಧದಲ್ಲಿ ತೊಡುತ್ತಿರಲೇ ಇಲ್ಲ.

ಇಷ್ಟು ರಕ್ತ ಬೇಕಿತ್ತೇ?

ಈ ಪ್ರಶ್ನೆಗೆ ನಾನು ಹದಿನಾಲ್ಕನೇ ಕಂತನ್ನು ತೋರಿಸುತ್ತೇನೆ. ಚಳಿಗಾಲ. ಆಸ್ಕೆಲಾಡನ ನೂರು ಜನರ ದಂಡು ರಾಜಕುಮಾರ ಕನ್ಯೂಟನನ್ನು ಕರೆದುಕೊಂಡು ಹಿಮದಲ್ಲಿ ಸಾಗುತ್ತಿದೆ. ತಿನ್ನಲು ಏನೂ ಉಳಿದಿಲ್ಲ, ಹಿಂದೆ ಥಾರ್ಕೆಲ್ ಅಟ್ಟಿಸಿಕೊಂಡು ಬರುತ್ತಿದ್ದಾನೆ. ದಾರಿಯಲ್ಲಿ ಒಂದು ಹಳ್ಳಿ. ಕಥೆ ನಮ್ಮನ್ನು ದಂಡಿನ ಜೊತೆ ಒಳಗೆ ಕರೆದೊಯ್ಯುವುದಿಲ್ಲ; ಆನ್ ಎಂಬ ಹುಡುಗಿಯ ಮನೆಯಲ್ಲಿ ಊಟಕ್ಕೆ ಕೂರಿಸುತ್ತದೆ. ಅವಳ ಮನೆ ತುಂಬ ಮಕ್ಕಳು, ಪ್ರಾರ್ಥನೆ ಹೇಳುವ ತಂದೆ. ಅವಳ ಬಳಿ ಒಂದು ಉಂಗುರವಿದೆ, ಸಂತೆಯಲ್ಲಿ ಕದ್ದದ್ದು. ಕದ್ದ ಪಾಪಕ್ಕೆ ದೇವರು ನರಕಕ್ಕೆ ತಳ್ಳುತ್ತಾನೆಂದು ಅವಳ ಭಯ. ಉಂಗುರವನ್ನು ನೋಡಿಕೊಳ್ಳಲು ಹೊರಗೆ ಬಂದವಳು ಮರದ ಮರೆಯಿಂದ ಕಾಣುತ್ತಾಳೆ: ಅವಳ ಮನೆಯವರನ್ನೂ ಊರವರನ್ನೂ ಸಾಲಾಗಿ ನಿಲ್ಲಿಸಿದ್ದಾರೆ. ಒಬ್ಬರೂ ಉಳಿಯುವುದಿಲ್ಲ. ಸುದ್ದಿ ಹೊರಗೆ ಹೋಗಬಾರದು, ಊಟ ಇಷ್ಟು ಜನಕ್ಕೆ ಸಾಲದು, ಅಷ್ಟೇ ಕಾರಣ. ಕೊಂದವರು ನಂತರ ಅದೇ ಮನೆಗಳಲ್ಲಿ ಕುಳಿತು ಉಣ್ಣುತ್ತಾರೆ.

‘ಕೊಂದ ಪಾಪ ತಿಂದರೆ ಹೋಯಿತು’ ಎಂದು ನಮ್ಮಲ್ಲಿ ಹಗುರವಾಗಿ ಒಂದು ಗಾದೆ ಹೇಳುತ್ತಾರೆ. ಈ ಕಂತನ್ನು ನೋಡಿದ ಮೇಲೆ ಅದನ್ನು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಅಲ್ಲಿಯವರೆಗೆ ಆ ದಂಡಿನವರು ನಮಗೆ ಪರಿಚಿತರಾಗಿರುತ್ತಾರೆ, ಅವರ ಹಾಸ್ಯಕ್ಕೆ ನಕ್ಕಿರುತ್ತೇವೆ. ಥಾರ್ಫಿನ್ ಅಲ್ಲೇ ಇದ್ದಾನೆ, ತಡೆಯುವುದಿಲ್ಲ. ಯಾರ ಪಕ್ಷ ವಹಿಸಿಕೊಂಡು ಇಷ್ಟು ದೂರ ಬಂದೆವು ಎಂಬುದನ್ನು ಸರಣಿ ಒಂದೇ ಏಟಿಗೆ ತೋರಿಸುತ್ತದೆ. ಇಲ್ಲಿ ರಕ್ತ ಬೇಕಿತ್ತು. ಕಡಿಮೆ ತೋರಿಸಿದ್ದರೆ ಅದು ಸುಳ್ಳಾಗುತ್ತಿತ್ತು.

ಇನ್ನೊಂದು ದೃಶ್ಯದಲ್ಲಿ ರಕ್ತವೇ ಕಾಣುವುದಿಲ್ಲ, ಆದರೂ ಅದು ಇದಕ್ಕಿಂತ ಆಳವಾಗಿ ಇರಿಯುತ್ತದೆ. ಇಂಗ್ಲೆಂಡಿನ ಕಡಲತೀರದಲ್ಲಿ ಮಗುವನ್ನು ಕಳೆದುಕೊಂಡ ಒಬ್ಬ ಹೆಂಗಸು ಚಿಕ್ಕ ಥಾರ್ಫಿನ್‌ನನ್ನು ಮನೆಗೆ ಕರೆದು, ಮೈ ತೊಳೆಸಿ, ತಲೆ ಬಾಚುತ್ತಾಳೆ. ಅವನು ಬಂದಿರುವುದು ದಂಡಿಗೆ ಬೆಂಕಿಯ ಸಂಕೇತ ಕೊಡಲು. ಓಡಿಹೋಗಿ ಎಂದು ಅವಳಿಗೆ ಹೇಳುತ್ತಾನೆ, ಬೆಂಕಿಯನ್ನೂ ಹಚ್ಚುತ್ತಾನೆ.

ಹಾಗಾದರೆ ಮೊದಲ ಸೀಸನ್ನಿನಲ್ಲಿ ದೋಷವೇ ಇಲ್ಲವೇ?

ಇದೆ, ದೊಡ್ಡದೇ ಇದೆ. ಒಂದು ಕಂತಿನಲ್ಲಿ ಪ್ರತಿ ಸಾವಿನ ತೂಕ ತೋರಿಸುವ ಅದೇ ಸರಣಿ ಇನ್ನೊಂದರಲ್ಲಿ ಸಾವನ್ನು ಹಬ್ಬ ಮಾಡುತ್ತದೆ. ಥಾರ್ಕೆಲ್ ಲಂಡನ್ ಸೇತುವೆಯ ಮೇಲಿಂದ ಎಸೆದದ್ದು ತಗುಲಿದರೆ ದೋಣಿಗಳು ಒಡೆಯುತ್ತವೆ, ಮನುಷ್ಯರು ಗಾಳಿಯಲ್ಲಿ ಹಾರುತ್ತಾರೆ. ಥಾರ್ಫಿನ್ ಅವನ ಎರಡು ಬೆರಳು ಕತ್ತರಿಸಿದಾಗ ಅವನು ಸಂತೋಷದಿಂದ ನಗುತ್ತಾನೆ. ಹುಡುಗ ಗೋಡೆಗೆ ಅಪ್ಪಳಿಸಿ ಬಿದ್ದರೂ ಎದ್ದು ಬರುತ್ತಾನೆ. ನೋಡಲು ಮೈ ಜುಮ್ಮೆನ್ನುತ್ತದೆ, ಒಪ್ಪುತ್ತೇನೆ. ಆದರೆ ಮೈ ಜುಮ್ಮೆನ್ನುವುದೇ ತೊಂದರೆ. ಕೊಲೆ ಕೆಟ್ಟದ್ದು ಎಂದು ನಂಬಿಸಬೇಕಾದ ಕೃತಿ ಕೊಲೆಗಾರನ ತೋಳಿನ ಬಲಕ್ಕೆ ಚಪ್ಪಾಳೆ ಹೊಡೆಸಿಕೊಳ್ಳುತ್ತದೆ. ಥಾರ್ಕೆಲ್ ಎಷ್ಟು ಜನರನ್ನು ಕೊಂದರೂ ನಗುಮುಖದ ದೊಡ್ಡಪ್ಪನಂತೆಯೇ ಉಳಿಯುತ್ತಾನೆ. ಅವನ ಲೆಕ್ಕ ಕೇಳುವವರು ಯಾರೂ ಇಲ್ಲ. ಎರಡನೇ ಸೀಸನ್ನಿನಲ್ಲಿ ಥಾರ್ಫಿನ್ ತನ್ನ ಲೆಕ್ಕ ತೀರಿಸಲು ಕೂರುತ್ತಾನೆ. ಸರಣಿ ತನ್ನ ಲೆಕ್ಕವನ್ನು ಪೂರ್ತಿಯಾಗಿ ತೀರಿಸಿಲ್ಲ.

ಇನ್ನೊಂದು ದೋಷ ಕನ್ಯೂಟನದು. ಮಾತೇ ಆಡದೆ ಅಂಗರಕ್ಷಕ ರಾಗ್ನಾರ್‌ನ ಹಿಂದೆ ಅಡಗುವ ಹುಡುಗ, ಆ ರಾಗ್ನಾರ್ ಸತ್ತ ಮೇಲೆ, ಪಾದ್ರಿ ವಿಲಿಬಾಲ್ಡ್ ಜೊತೆಗಿನ ಒಂದು ಸಂಭಾಷಣೆಯಲ್ಲಿ ಚಕ್ರವರ್ತಿಯ ಮನಸ್ಸಿನವನಾಗಿ ಬಿಡುತ್ತಾನೆ. ಆ ಸಂಭಾಷಣೆ ಅಪರೂಪದ್ದು, ನಿಜ. ಒಬ್ಬರನ್ನು ಹೆಚ್ಚು ಪ್ರೀತಿಸುವುದೆಂದರೆ ಉಳಿದವರನ್ನು ಕಡಿಮೆ ಎಣಿಸುವುದು, ಅದು ಪಕ್ಷಪಾತ, ಪ್ರೀತಿಯಲ್ಲ ಎಂದು ಕುಡುಕ ಪಾದ್ರಿ ಹಿಮದ ನಡುವೆ ನಿಂತು ವಾದಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೂ ಒಂದು ಮಾತಿಗೆ ಒಬ್ಬ ಮನುಷ್ಯ ಅಷ್ಟು ಬದಲಾಗುವುದಿಲ್ಲ. ಆ ಬದಲಾವಣೆಗೆ ಇನ್ನೂ ನಾಲ್ಕು ಕಂತು ಕೊಡಬೇಕಿತ್ತು.

ಥಾರ್ಫಿನ್ ನಾಯಕನೋ, ಆಸ್ಕೆಲಾಡೋ?

ಮೊದಲ ಸೀಸನ್ನಿಗೆ ಆಸ್ಕೆಲಾಡನೇ. ಥಾರ್ಫಿನ್ ಅಲ್ಲಿ ಹಲ್ಲು ಕಚ್ಚಿ ಕಿರುಚುತ್ತಾನೆ, ನುಗ್ಗುತ್ತಾನೆ, ಸೋಲುತ್ತಾನೆ, ಮತ್ತೆ ನುಗ್ಗುತ್ತಾನೆ. ಕೆಲವು ಕಂತುಗಳಲ್ಲಿ ಅವನಿದ್ದಾನೆಂಬುದೇ ಮರೆತುಹೋಗುತ್ತದೆ. ಆಸ್ಕೆಲಾಡ್ ಹಾಗಲ್ಲ. ತಂದೆ ಡೇನರ (ಡೆನ್ಮಾರ್ಕಿನವರ) ಒಡೆಯ, ತಾಯಿ ವೇಲ್ಸಿನಿಂದ ಹಿಡಿದು ತಂದ ಗುಲಾಮಳು. ತಾನು ನಡೆಸುವ ದಂಡಿನ ಜನಾಂಗವನ್ನೇ ಒಳಗೊಳಗೆ ದ್ವೇಷಿಸುತ್ತಾ, ತಾಯಿಯ ನಾಡನ್ನು ಉಳಿಸಿಕೊಳ್ಳಲು ಹೊಂಚು ಹಾಕುತ್ತಾ ಬದುಕಿದವನು. ವೇಲ್ಸ್ ಮೇಲೆ ದಂಡೆತ್ತುವೆನೆಂದು ಸ್ವೇನ್ ಸಭೆಯಲ್ಲಿ ಹೇಳಿದಾಗ, ಆಸ್ಕೆಲಾಡ್ ಹುಚ್ಚನಂತೆ ನಟಿಸಿ ದೊರೆಯ ತಲೆ ಕಡಿದು, ತನ್ನನ್ನು ಕೊಲ್ಲುವ ಅವಕಾಶವನ್ನು ಕನ್ಯೂಟನಿಗೆ ಕೊಡುತ್ತಾನೆ. ಥಾರ್ಫಿನ್‌ಗೆ ಸೇಡೂ ಸಿಗುವುದಿಲ್ಲ. ಹನ್ನೊಂದು ವರ್ಷ ಬದುಕಿದ್ದು ಯಾವುದಕ್ಕಾಗಿಯೋ ಅದು ಬೇರೆಯವನ ಕೈಯಲ್ಲಿ ಮುಗಿದುಹೋಗುತ್ತದೆ, ಕಠಾರಿ ಕೈಜಾರಿ ಬೀಳುತ್ತದೆ. 23 ಕಂತುಗಳ ನಂತರ ಬರುವ ಆ ಕೊನೆಯ ಕಂತಿನ ಹೆಸರು ‘ಮುನ್ನುಡಿಯ ಅಂತ್ಯ’. ಮೊದಲ ಸಲ ನೋಡಿದಾಗ ಆ ಹೆಸರಿನ ಧೈರ್ಯ ಕಂಡು ನಾನು ಸುಮ್ಮನೆ ಕುಳಿತುಬಿಟ್ಟೆ.

ಎರಡನೇ ಸೀಸನ್ ಬೇಸರ, ಹೊಡೆದಾಟವೇ ಇಲ್ಲ ಎನ್ನುತ್ತಾರಲ್ಲ?

ಹೊಡೆದಾಟಕ್ಕಾಗಿ ಬಂದವರಿಗೆ ಬೇಸರವಾಗಬಹುದು. ನನ್ನ ಮಟ್ಟಿಗೆ ಇಡೀ ಕೃತಿ ನಿಂತಿರುವುದು ಇದರ ಮೇಲೆ. ಥಾರ್ಫಿನ್ ಈಗ ಡೆನ್ಮಾರ್ಕಿನ ಕೆಟಿಲ್ ಎಂಬ ಜಮೀನ್ದಾರನ ಗುಲಾಮ. ಜೊತೆಗೆ ಐನಾರ್, ಇಂಗ್ಲೆಂಡಿನ ರೈತ; ಕೊಳ್ಳೆಗಾರರು ಊರು ಸುಟ್ಟು ಹಿಡಿದು ಮಾರಿದವನು. ಅವರಿಗೆ ಒಂದು ಕಾಡು ಕೊಟ್ಟಿದ್ದಾರೆ: ಮರ ಕಡಿದು, ಹೊಲ ಮಾಡಿ, ಬೆಳೆದ ಗೋಧಿ ಮಾರಿದ ಹಣದಿಂದ ಸ್ವಾತಂತ್ರ್ಯ ಕೊಂಡುಕೊಳ್ಳಬೇಕು. ಕಂತುಗಟ್ಟಲೆ ನಾವು ನೋಡುವುದು ಬೊಡ್ಡೆ ಕೀಳುವುದನ್ನು, ಬೇರು ಬಿಡಿಸುವುದನ್ನು, ಕುದುರೆಗಾಗಿ ಅಂಗಲಾಚುವುದನ್ನು, ಮೊಳಕೆ ಬಂದಿತೇ ಎಂದು ಬಗ್ಗಿ ನೋಡುವುದನ್ನು. ಹೊಲದ ಕೆಲಸ ಕಂಡವರಿಗೆ ಆ ಕಂತುಗಳ ಬೆಲೆ ಹೇಳಿಕೊಡಬೇಕಿಲ್ಲ. ಮೊಳೆತ ಪೈರನ್ನು ಹೊಟ್ಟೆಕಿಚ್ಚಿನ ಆಳುಗಳು ಒಂದು ರಾತ್ರಿ ಕಿತ್ತೆಸೆದಾಗ, ಮೊದಲ ಸೀಸನ್ನಿನ ಯಾವ ಕೊಲೆಗೂ ಬಾರದ ಸಿಟ್ಟು ನನಗೆ ಬಂತು.

ಥಾರ್ಫಿನ್ ರಾತ್ರಿ ಕಿರುಚಿ ಏಳುತ್ತಾನೆ, ಕನಸು ನೆನಪಿರುವುದಿಲ್ಲ. ಪೈರಿಗಾಗಿ ನಡೆದ ಜಗಳದಲ್ಲಿ ಪ್ರಜ್ಞೆ ತಪ್ಪಿದಾಗ ಆ ಕನಸು ಪೂರ್ತಿಯಾಗಿ ಕಾಣುತ್ತದೆ. ಕೆಳಗೆ ಸತ್ತ ಯೋಧರು ಮುಗಿಯದೆ ಕಾದಾಡುತ್ತಿರುವ ನರಕ. ಬಂಡೆಯ ಅಂಚಿಗೆ ಜೋತುಬಿದ್ದ ಥಾರ್ಫಿನ್. ಅವನ ಕಾಲು ಹಿಡಿದು ನೇತಾಡುವ, ಅವನೇ ಕೊಂದ ಜನ. ಅವರ ಹೆಸರೂ ಅವನಿಗೆ ಗೊತ್ತಿಲ್ಲ. ಅವರನ್ನು ಒದ್ದು ಬಿಡಿಸಿಕೊಂಡು ಹತ್ತು ಎಂದು ಯಾರೂ ಹೇಳುವುದಿಲ್ಲ. ಅವರನ್ನೆಲ್ಲ ಹೊತ್ತುಕೊಂಡೇ ಹತ್ತು ಎನ್ನುತ್ತಾನೆ ಆಸ್ಕೆಲಾಡ್. ಕ್ಷಮೆ ಸಿಕ್ಕಿತು, ಕಣ್ಣೀರು ಬಂತು, ಪಾಪ ತೊಳೆಯಿತು ಎಂಬ ಸುಲಭದ ದಾರಿಯನ್ನು ಈ ಸರಣಿ ಹಿಡಿಯುವುದಿಲ್ಲ. ಇದೇ ಅದರ ದೊಡ್ಡ ಬಲ.

ನಿಧಾನ ಎಂಬ ದೂರಿನಲ್ಲಿ ಹುರುಳಿಲ್ಲ ಎಂದಲ್ಲ. ಕನ್ಯೂಟನ ಅರಮನೆಯ ತಂತ್ರಗಳ ಕಂತುಗಳು ಹೊಲದಿಂದ ನಮ್ಮನ್ನು ಎಳೆದುಕೊಂಡು ಹೋಗುತ್ತವೆ, ಮತ್ತೆ ಹೊಲಕ್ಕೆ ಬಂದಾಗ ಹಿಡಿತ ಸಡಿಲವಾಗಿರುತ್ತದೆ. ನಡುವಿನ ಒಂದೆರಡು ಕಂತುಗಳನ್ನು ಒಂದಾಗಿಸಬಹುದಿತ್ತು.

‘ನನಗೆ ಶತ್ರುಗಳಿಲ್ಲ’ ಎಂಬ ಮಾತು ಅಷ್ಟು ಪ್ರಸಿದ್ಧವಾದದ್ದೇಕೆ?

ಆ ಮಾತಿನ ಬೇರು ಮೊದಲ ಕಂತುಗಳಲ್ಲೇ ಇದೆ. ಆಯುಧ ಕೈಗೆತ್ತಿಕೊಂಡ ಮಗನಿಗೆ ಥಾರ್ಸ್ ಹೇಳುತ್ತಾನೆ: ನಿನಗೆ ಶತ್ರುಗಳಿಲ್ಲ, ಯಾರಿಗೂ ಇಲ್ಲ, ನೋಯಿಸಿದರೆ ಪರವಾಗಿಲ್ಲ ಎನ್ನಬಹುದಾದ ಮನುಷ್ಯ ಎಲ್ಲಿಯೂ ಇಲ್ಲ. ಹುಡುಗನಿಗೆ ಅದು ಅರ್ಥವಾಗುವುದಿಲ್ಲ. ಅರ್ಥವಾಗಲು ನಲವತ್ತಕ್ಕೂ ಹೆಚ್ಚು ಕಂತುಗಳು ಬೇಕಾಗುತ್ತವೆ. ಕೊನೆಗೆ, ಜಮೀನನ್ನು ಕಸಿಯಲು ಬಂದ ಕನ್ಯೂಟನನ್ನು ಭೇಟಿಯಾಗಲು ಅವಕಾಶ ಕೇಳಿದ ಥಾರ್ಫಿನ್‌ಗೆ ದೊರೆಯ ಕಡೆಯವರು ಒಂದು ಷರತ್ತು ಹಾಕುತ್ತಾರೆ: ನೂರು ಗುದ್ದು ತಿಂದು ನಿಂತಿರಬೇಕು. ಅವನು ತಿರುಗಿ ಒಂದೇಟೂ ಕೊಡದೆ ತಿನ್ನುತ್ತಾನೆ. ಏಕೆ ಹೊಡೆಯಲಿಲ್ಲ ಎಂದು ಕೇಳಿದಾಗ, ಮುಖ ಊದಿ ಕಣ್ಣು ತೆರೆಯಲಾಗದ ಸ್ಥಿತಿಯಲ್ಲಿ ಆ ಮಾತನ್ನು ಹೇಳುತ್ತಾನೆ.

ಬಹಳ ಜನ ಆ ಸಾಲನ್ನು ಚಿತ್ರದೊಂದಿಗೆ ಹಂಚಿಕೊಳ್ಳುತ್ತಾರೆ. ಆನ್ ಇದ್ದ ಹಳ್ಳಿಯನ್ನು ಮರೆತು ಹಂಚಿಕೊಂಡರೆ ಅದು ಬರೀ ಸುಭಾಷಿತ. ಹೇಳುವವನ ಕೈಗೆ ಎಷ್ಟು ರಕ್ತ ಅಂಟಿದೆಯೆಂದು ಕಂಡವರಿಗೆ ಮಾತ್ರ ಅದರ ಭಾರ ತಿಳಿಯುತ್ತದೆ.

ಆ ನಂತರದ ಮಾತುಕತೆಯ ಬಗ್ಗೆ ನನಗೆ ತಕರಾರಿದೆ. ಇಬ್ಬರೂ ಕಡಲತೀರದಲ್ಲಿ ಸ್ವಲ್ಪ ಹೊತ್ತು ಮಾತನಾಡುತ್ತಾರೆ, ದೊರೆ ಸೈನ್ಯವನ್ನು ಹಿಂದಕ್ಕೆ ಕರೆದುಕೊಂಡು ಹೋಗುತ್ತಾನೆ. ಅಣ್ಣನಿಗೆ ವಿಷ ಹಾಕಿಸಿ ಕಿರೀಟ ಪಡೆದವನು ಇಷ್ಟಕ್ಕೆ ಮಣಿಯುತ್ತಾನೆಯೇ? ಥಾರ್ಫಿನ್‌ನ ಅಹಿಂಸೆ ಗೆದ್ದದ್ದು ಎದುರಾಳಿ ಕನ್ಯೂಟನಾಗಿದ್ದರಿಂದ. ಥಾರ್ಫಿನ್‌ನ ತಂದೆಯೂ ಹಡಗಿನ ಮೇಲೆ ಯಾರನ್ನೂ ಕೊಲ್ಲದೆ ಗೆದ್ದಿದ್ದ, ಆದರೆ ಬಾಣಗಳಿಗೆ ಎದೆಯೊಡ್ಡಬೇಕಾಯಿತು. ಈ ವ್ಯತ್ಯಾಸವನ್ನು ಸರಣಿ ನೇರವಾಗಿ ಎದುರಿಸಬೇಕಿತ್ತು.

ಹೆಣ್ಣು ಪಾತ್ರಗಳು ಹೇಗಿವೆ?

ಇದು ನನಗೆ ಅತಿ ಹೆಚ್ಚು ನೋವು ಕೊಡುವ ದೌರ್ಬಲ್ಯ. ಆರ್ನ್‌ಹೈಡ್ ಕೆಟಿಲನ ಮನೆಯ ಗುಲಾಮಳು. ಯಜಮಾನನ ಹಾಸಿಗೆಗೂ ಹೋಗಬೇಕಾದವಳು. ಅವಳ ಗಂಡ ಗಾರ್ಡರ್ ಯುದ್ಧಕ್ಕೆಂದು ಊರು ಬಿಟ್ಟ, ಹಿಂದೆಯೇ ಊರು ಸೂರೆಯಾಯಿತು, ಮಗು ಸತ್ತಿತು, ಅವಳು ಮಾರಾಟವಾದಳು. ವರ್ಷಗಳ ನಂತರ ಆ ಗಂಡ ತಪ್ಪಿಸಿಕೊಂಡು ಬಂದು ಅವಳ ಮಡಿಲಲ್ಲೇ ಸಾಯುತ್ತಾನೆ. ಎಲ್ಲರಿಗೂ ಕರುಣಾಳುವಾಗಿ ಕಂಡ ಕೆಟಿಲ್ ಅವಳನ್ನು ಸಾಯುವಂತೆ ಹೊಡೆಯುತ್ತಾನೆ. ಒಳ್ಳೆಯ ಯಜಮಾನ ಎಂಬುದು ಎಷ್ಟು ದೊಡ್ಡ ಸುಳ್ಳು ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಅನಿಮೆ ನಾನು ಕಂಡಿಲ್ಲ, ಅಷ್ಟರ ಮಟ್ಟಿಗೆ ಅದು ಬಲವೇ. ಆದರೆ ಅವಳ ಸಾವಿನಿಂದ ದಾರಿ ಕಾಣುವುದು ಯಾರಿಗೆ? ಥಾರ್ಫಿನ್‌ಗೆ, ಐನಾರ್‌ಗೆ. ಅವಳು ಬದುಕಿದ್ದಾಗ ಅವಳ ಸಿಟ್ಟನ್ನು ನಾವು ಕೇಳಿದ್ದು ತೀರ ಕಡಿಮೆ. ಆಸ್ಕೆಲಾಡನ ತಾಯಿ, ಆನ್, ತಲೆ ಬಾಚಿದ ಹೆಂಗಸು, ಎಲ್ಲರೂ ಹೀಗೆಯೇ ಬಂದು, ನೊಂದು, ಗಂಡಸರ ಕಥೆಗೆ ತಿರುವು ಕೊಟ್ಟು ಹೋಗುತ್ತಾರೆ. ಆ ಕಾಲ ಹಾಗಿತ್ತು ಎಂಬ ಸಮಜಾಯಿಷಿ ನನಗೆ ಸಾಲದು. ಐಸ್‌ಲ್ಯಾಂಡಿನ ಸಾಗಾಗಳಲ್ಲೇ ಇದಕ್ಕಿಂತ ಗಟ್ಟಿ ಹೆಂಗಸರಿದ್ದಾರೆ.

ಚಿತ್ರ, ಸಂಗೀತ ಹೇಗಿದೆ?

ಹಿಮ, ಕಡಲು, ಹೊಲ ಮೂರೂ ಕಣ್ಣು ತುಂಬುತ್ತವೆ. ಮೊದಲ ಸೀಸನ್ನಿನಲ್ಲಿ ದೂರದ ಸೈನ್ಯ, ದೋಣಿಗಳಂಥ ಕಡೆ ಕಂಪ್ಯೂಟರ್ ಚಿತ್ರಣ ಎದ್ದು ಕಾಣುತ್ತದೆ. ಎರಡನೆಯದರಲ್ಲಿ ಮುಖಗಳ ಮೇಲಿನ ಕೆಲಸ ಇನ್ನೂ ಸೂಕ್ಷ್ಮ. ಯುತಾಕಾ ಯಮಾದಾ ಅವರ ಸಂಗೀತ ಎಲ್ಲಿ ಸುಮ್ಮನಿರಬೇಕೋ ಅಲ್ಲಿ ಸುಮ್ಮನಿರುತ್ತದೆ. ಜಪಾನಿ ಧ್ವನಿಯಲ್ಲೇ ನೋಡಿ. ಆಸ್ಕೆಲಾಡನಿಗೆ ಧ್ವನಿ ಕೊಟ್ಟ ನಾವೊಯಾ ಉಚಿದಾ ಅವರ ಆಲಸ್ಯ ಬೆರೆತ ದನಿಯನ್ನು ಕಳೆದುಕೊಳ್ಳಬಾರದು.

ಮಂಗಾ ಓದಿದ್ದರೆ ಅನಿಮೆ ಬೇಕೇ?

ಬೇಕು. ಮಂಗಾ ಶುರುವಾಗುವುದು ಬೆಳೆದ ಥಾರ್ಫಿನ್ ಯುದ್ಧದಲ್ಲಿ ಕೊಲ್ಲುತ್ತಿರುವಾಗ, ತಂದೆಯ ಕಥೆ ಆಮೇಲೆ ಬರುತ್ತದೆ. ಅನಿಮೆ ಕಾಲದ ಕ್ರಮದಲ್ಲಿ, ಬಾಲ್ಯದಿಂದ ಹೇಳುತ್ತದೆ. ಇದರಿಂದ ಕುತೂಹಲ ಸ್ವಲ್ಪ ಕಳೆದರೂ ದುಃಖ ಇಮ್ಮಡಿಯಾಗುತ್ತದೆ, ಏಕೆಂದರೆ ಥಾರ್ಸ್‌ನನ್ನು ನಾವು ಮೊದಲು ಪ್ರೀತಿಸಿರುತ್ತೇವೆ. ಈ ಒಂದು ವಿಷಯದಲ್ಲಿ ಅನಿಮೆಯ ತೀರ್ಮಾನವೇ ಸರಿ.

ಕೊನೆಗೂ ಅವನು ವಿನ್‌ಲ್ಯಾಂಡ್ ತಲುಪುತ್ತಾನೆಯೇ? ಅಂಥದ್ದೊಂದು ಜಾಗವಿತ್ತೇ?

48 ಕಂತುಗಳಲ್ಲಿ ತಲುಪುವುದಿಲ್ಲ. ಐನಾರ್ ಜೊತೆ ಐಸ್‌ಲ್ಯಾಂಡಿಗೆ ಮರಳಿ ತಾಯಿಯ ಎದುರು ನಿಲ್ಲುವಲ್ಲಿಗೆ ಎರಡನೇ ಸೀಸನ್ ಮುಗಿಯುತ್ತದೆ. ಮುಂದಿನದು ಮಂಗಾದಲ್ಲಿದೆ. ಯುದ್ಧವೂ ಗುಲಾಮಗಿರಿಯೂ ಇಲ್ಲದ ಊರನ್ನು ಕಟ್ಟುವುದು ಅವನ ಆಸೆ. ಆದರೆ ಹಳೆಯ ಸಾಗಾಗಳು ಹೇಳುವ ಪ್ರಕಾರ ಕಾರ್ಲ್ಸೆಫ್ನಿಯ ಜನ ಅಲ್ಲಿನ ಮೂಲನಿವಾಸಿಗಳೊಡನೆ ಕಾದಾಡಿ, ನೆಲ ಎಷ್ಟು ಒಳ್ಳೆಯದಾದರೂ ಭಯ ತಪ್ಪುವುದಿಲ್ಲವೆಂದು ವಾಪಸು ಬಂದರು. ಶತ್ರುವಿಲ್ಲ ಎಂದವನ ಮುಂದೆ ನಿಜವಾದ ಪರೀಕ್ಷೆ ಅಲ್ಲಿದೆ.

ಜಾಗ ಇತ್ತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರ ತುದಿಯಲ್ಲಿ, ಲಾನ್ಸ್ ಓ ಮೆಡೋಸ್ ಎಂಬಲ್ಲಿ, 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ನಾರ್ಸ್ (ವೈಕಿಂಗ್ ಕಾಲದ ಉತ್ತರ ಯುರೋಪಿನ) ಜನರ ಮನೆಗಳ ಅಡಿಪಾಯಗಳನ್ನು ಗುರುತಿಸಿದರು; ಅವರ ಹೆಂಡತಿ, ಪುರಾತತ್ವಜ್ಞೆ ಆನೆ ಸ್ಟೀನೆ, ಅಗೆತವನ್ನು ನಡೆಸಿದರು. 1978ರಿಂದ ಅದು ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಅಲ್ಲಿ ಲೋಹದ ಉಪಕರಣದಿಂದ ಕಡಿದ ಮರದ ತುಂಡುಗಳು 1021ನೇ ಇಸವಿಯವು ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಮಣ್ಣಿನಲ್ಲಿ ದೋಣಿಯ ಮೊಳೆಗಳು, ಬಟ್ಟೆಗೆ ಚುಚ್ಚುವ ಒಂದು ಕಂಚಿನ ಪಿನ್ನು ಸಿಕ್ಕಿವೆ. ಜೊತೆಗೆ ನೂಲು ತೆಗೆಯುವ ಕದಿರಿಗೆ ಸಿಕ್ಕಿಸುವ ಒಂದು ಕಲ್ಲಿನ ಬಿಲ್ಲೆಯೂ ಸಿಕ್ಕಿತು. ಆ ದಂಡೆಯಲ್ಲಿ ಹೆಂಗಸರೂ ಇದ್ದರೆಂದು ಅದರಿಂದಲೇ ಗೊತ್ತಾದದ್ದು.